ಅಕ್ಕ ಮನೆಗೆ ತರುತ್ತಿದ್ದ ಪೊಲೀಸ್ ಕಾರು

ನಮ್ಮ ಬೀದಿಯಲ್ಲಿ ಇಪ್ಪತ್ತೆರಡು ಮನೆಗಳು. ನಮ್ಮದೊಂದನ್ನು ಬಿಟ್ಟು ಉಳಿದ ಇಪ್ಪತ್ತೊಂದು ಮನೆಯವರಿಗೂ ಅಕ್ಕನ ಕಾರು ಕಣ್ಣು ಕುಕ್ಕುತ್ತಿತ್ತು. ಅಕ್ಕನ ಕಾರು ಎಂದು ಬಾಯಿಮಾತಿಗೆ ಹೇಳಿದೆ, ಅದು ಅಕ್ಕನದಲ್ಲ. ಬಾಗಿಲ ಮೇಲೆ ನೀಲಿ ಪಟ್ಟೆ, ನೆತ್ತಿಯ ಮೇಲೆ ಕೆಂಪು ನೀಲಿ ದೀಪ, ಒಳಗೆ ಸದಾ ಗೊರಗೊರ ಎನ್ನುವ ವೈರ್‌ಲೆಸ್ ಇದ್ದ ಪೊಲೀಸ್ ಕಾರು. ಅಕ್ಕ ಹೆಡ್ ಕಾನ್‌ಸ್ಟೆಬಲ್. ಠಾಣೆಯಿಂದ ದೂರದ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿದ್ದ ಆರು ಜನರಿಗೆ ಇಲಾಖೆಯವರು ಕಾರನ್ನು ಮನೆಗೇ ಕೊಟ್ಟು ಕಳಿಸುತ್ತಿದ್ದರು. ಡ್ಯೂಟಿ ಮುಗಿದ ಮೇಲೂ ಅದು ಅವರ ಬಾಗಿಲಲ್ಲೇ ನಿಂತಿರುತ್ತಿತ್ತು. ಅದನ್ನು ಕಂಡರೆ ಕಳ್ಳರು ಆ ಬೀದಿಗೆ ಕಾಲಿಡುವುದಿಲ್ಲ ಎಂದು ಮೇಲಿನವರ ಯೋಚನೆ. ಕಳ್ಳರೇನೋ ಕಾಲಿಡಲಿಲ್ಲ, ಅವರ ಬದಲು ಮಾತು ಬಂತು.

ಡ್ಯೂಟಿ ಇಲ್ಲದ ದಿನ ಅಕ್ಕ ಆ ಕಾರಿನಲ್ಲಿ ಸೋಪು ತರಲು ಹೋದಳು ಎಂದು ಎದುರು ಮನೆಯ ಟೈಲರ್ ಮೂಗು ಮುರಿದ. ಮೂಲೆಮನೆಯ ನಿವೃತ್ತ ಮೇಷ್ಟ್ರು, ಹಾಗಾದರೆ ಫೈರ್ ಇಂಜಿನ್ನಿನವರೂ ಮಕ್ಕಳನ್ನು ಅದರಲ್ಲೇ ಶಾಲೆಗೆ ಬಿಡಲಿ ಎಂದರು. ಅಕ್ಕ ಇದನ್ನೆಲ್ಲ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ, ಹಾಕಿಕೊಂಡು ಜಗಳವನ್ನೂ ಆಡಿದೆ. ಜಗಳದಲ್ಲಿ ನನ್ನದು ಎತ್ತಿದ ಕೈ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನಿಗೆ ಇಡೀ ದಿನ ಮಾತಿಲ್ಲದ ಕೆಲಸ, ಸಂಜೆ ಬಾಯಿಗೂ ಏನಾದರೂ ಬೇಕಲ್ಲ.

ನಿಜ ಹೇಳಬೇಕೆಂದರೆ ಆ ಕಾರಿನ ಮೇಲೆ ಇದ್ದಷ್ಟು ಕಟ್ಟುಪಾಡು ಯಾವ ಸೊಸೆಯ ಮೇಲೂ ಇದ್ದಿರಲಾರದು. ಇಂಜಿನ್ ಶುರುವಾದರೆ ವೈರ್‌ಲೆಸ್ಸೂ ಶುರುವಾಗಬೇಕು. ಕಾಲಲ್ಲಿ ಚಪ್ಪಲಿ ಕೂಡದು, ಬೂಟೇ ಆಗಬೇಕು, ಏಕೆಂದರೆ ಯಾವ ಗಳಿಗೆಯಲ್ಲಿ ಇಳಿದು ಓಡಬೇಕಾದೀತೋ ತಿಳಿಯದು. ಮನೆಯವರನ್ನು ಕೂರಿಸಿಕೊಳ್ಳಲು ಬರವಣಿಗೆಯಲ್ಲಿ ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ದಾರಿಯಲ್ಲಿ ಯಾರಾದರೂ ಕೈ ತೋರಿಸಿದರೆ ನಿಲ್ಲಿಸಬೇಕು. ಡ್ಯೂಟಿ ಇರಲಿ, ಬಿಡಲಿ. ನೀನು ರಜೆಯಲ್ಲಿರಬಹುದು, ಬಣ್ಣ ಬಳಿದ ಕಾರಿಗೆ ರಜೆ ಇಲ್ಲ ಎಂದು ಕೀಲಿ ಕೊಡುವ ದಿನವೇ ಹೇಳಿ ಸಹಿ ಹಾಕಿಸಿಕೊಂಡಿದ್ದರಂತೆ. ಆರು ಜನರಲ್ಲಿ ಇದನ್ನೆಲ್ಲ ಅಕ್ಷರ ಅಕ್ಷರ ಪಾಲಿಸುತ್ತಿದ್ದವಳು ಅಕ್ಕ ಒಬ್ಬಳೇ. ಸೋಪಿಗೆ ಹೋಗುವಾಗಲೂ ಲೇಸು ಬಿಗಿದು ಬೂಟು ತೊಡುತ್ತಿದ್ದಳು. ಅವಳು ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳಿದವರಿಗೆ, ರಜೆ ಸಿಗಲಿಲ್ಲ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಆದರೆ ಅವಳಿಗೆ ಆ ಕಾರು ಬೇಕಾಗಿದ್ದದ್ದು ಸೋಪಿಗಲ್ಲ, ಅಪ್ಪನಿಗೆ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಮೂವತ್ತೊಂದು ವರ್ಷ ಒಂದೇ ರೂಟಿನಲ್ಲಿ ಓಡಾಡಿ, ನಿವೃತ್ತನಾದ ನಾಲ್ಕೇ ವರ್ಷಕ್ಕೆ ಎರಡು ಕಿಡ್ನಿಯನ್ನೂ ಕಳೆದುಕೊಂಡ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಂಡು ಬರಬೇಕು. ಹದಿನೈದು ನಿಮಿಷ ತಡವಾದರೆ ಆ ಯಂತ್ರ ಮುಂದಿನವರಿಗೆ ಹೋಗುತ್ತದೆ. ಮೊದಮೊದಲು ಅಪ್ಪ ಎರಡು ಬಸ್ ಬದಲಿಸಿ ಒಬ್ಬನೇ ಹೋಗಿ ಬರುತ್ತಿದ್ದ. ಒಂದು ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ತಲೆ ಸುತ್ತಿ ಜನರ ಕಾಲ ಸಂದಿಯಲ್ಲಿ ಬಿದ್ದುಬಿಟ್ಟ. ಎತ್ತಿ ಕೂರಿಸಿದವನು ಅಪ್ಪನ ಕೈ ಕೆಳಗೇ ಕೆಲಸ ಕಲಿತಿದ್ದ ಕಂಡಕ್ಟರ್. ಅಪ್ಪನ ಬಟ್ಟೆ ಒದ್ದೆಯಾಗಿತ್ತು. ಅದನ್ನು ಅವನು ನೋಡಿದ ಎಂಬುದೇ ಅಪ್ಪನಿಗೆ ಸಾವಿಗಿಂತ ಹೆಚ್ಚಾಯಿತು. ಇನ್ನು ಬಸ್ ಹತ್ತುವುದಿಲ್ಲ, ಮನೆಯಲ್ಲೇ ಕೂತು ಸಾಯುತ್ತೇನೆ ಎಂದು ಪಟ್ಟು ಹಿಡಿದ. ಹತ್ತು ದಿನ ಹೋಗಲೇ ಇಲ್ಲ. ಕಾಲು, ಮುಖ ಎಲ್ಲ ಊದಿಕೊಂಡು, ಉಸಿರು ಸಿಕ್ಕದೆ, ಕೊನೆಗೆ ಆಂಬುಲೆನ್ಸಿನಲ್ಲಿ ಹೊತ್ತೊಯ್ಯಬೇಕಾಯಿತು. ಇನ್ನೊಮ್ಮೆ ಹೀಗೆ ಮಾಡಿದರೆ ಉಳಿಸುವುದು ನಮ್ಮ ಕೈಲಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ಆಮೇಲೆ ಅಕ್ಕ ಸಾಲ ಮಾಡಿ ಅಪ್ಪನನ್ನು ಟ್ಯಾಕ್ಸಿಯಲ್ಲಿ ಕಳಿಸುತ್ತ, ಠಾಣೆಯಿಂದ ಹಿಡಿದು ಮೇಲಿನ ಕಚೇರಿಯವರೆಗೆ ಐದು ತಿಂಗಳು ಅಲೆದಳು. ಪಾಳಿಯನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಂಡಳು, ಕಾರು ಪಡೆದಳು, ಅಪ್ಪನನ್ನು ಕೂರಿಸಿಕೊಳ್ಳಲು ಅನುಮತಿಯನ್ನೂ ತಂದಳು. ನಾನೇನು ಮಾಡಿದೆ ಎಂದು ಕೇಳಬೇಡಿ. ನನ್ನ ಅಂಗಡಿ ತೆರೆಯುವುದು ಹತ್ತಕ್ಕೆ, ನಾನು ಏಳುತ್ತಿದ್ದದ್ದು ಒಂಬತ್ತಕ್ಕೆ.

ಆ ಸೋಮವಾರ ಬೆಳಿಗ್ಗೆ ಆರೂವರೆಗೆ ಇಬ್ಬರೂ ಹೊರಟಿದ್ದಾರೆ. ಅಪ್ಪನಿಗೆ ಎರಡು ದಿನದ ನೀರು ಮೈಯಲ್ಲಿ ತುಂಬಿಕೊಂಡು ಹೊಟ್ಟೆ ತೊಳಸುತ್ತಿತ್ತು. ವೈರ್‌ಲೆಸ್ಸಿನ ಗೊರಗೊರ ತಲೆಗೆ ಹೊಡೆಯುತ್ತಿದೆ ಎಂದ. ಅಕ್ಕ ಅದನ್ನು ಆರಿಸಿದಳು. ಎರಡು ವರ್ಷದಲ್ಲಿ ಅದೇ ಮೊದಲು. ಊರ ಹೊರಗಿನ ರಸ್ತೆಯಲ್ಲಿ, ಇಟ್ಟಿಗೆ ಗೋದಾಮು ದಾಟಿದ ಮೇಲೆ, ಎಡಗಡೆ ಒಂದು ಸ್ಕೂಟರ್ ಬಿದ್ದಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದಳು. ಒಬ್ಬ ಗಂಡಸು ಎರಡು ಕೈಯನ್ನೂ ಮೇಲೆತ್ತಿ ಬೀಸುತ್ತ ರಸ್ತೆಗೆ ಬಂದ. ಅಪ್ಪ ನಿಲ್ಲಿಸು ಎಂದ. ನಿಲ್ಲಿಸಿದರೆ ಯಂತ್ರ ತಪ್ಪುತ್ತದೆ, ವೈರ್‌ಲೆಸ್ಸಿನಲ್ಲಿ ಹೇಳಿ ಬೇರೆಯವರನ್ನು ಕಳಿಸುತ್ತೇನೆ ಎಂದು ಅಕ್ಕ ಕಾರು ಓಡಿಸಿದಳು. ಹಾಗೆ ಹೇಳಿ ಕೈ ವೈರ್‌ಲೆಸ್ಸಿನ ಕಡೆ ಚಾಚುವಷ್ಟರಲ್ಲಿ ಅಪ್ಪ ವಾಂತಿ ಮಾಡಿಕೊಂಡ. ಒಂದು ಕೈಯಲ್ಲಿ ಅಪ್ಪನ ತಲೆ, ಇನ್ನೊಂದು ಕೈಯಲ್ಲಿ ಸ್ಟೇರಿಂಗ್. ಹೇಳುವುದು ಮರೆತೇಹೋಯಿತು. ಹತ್ತು ಸೆಕೆಂಡಿನ ಕೆಲಸ.

ಅಪ್ಪನ ಕೈಗೆ ಸೂಜಿ ಚುಚ್ಚಿ ಯಂತ್ರ ಶುರುವಾದಾಗ ಅವಳಿಗೆ ನೆನಪಾಯಿತು. ಅಲ್ಲಿಂದಲೇ ವಾಪಸ್ ಓಡಿದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ, ಒಡೆದ ಕನ್ನಡಿಯ ಚೂರು ಬಿದ್ದಿತ್ತು. ಹಾಲಿನ ವ್ಯಾನಿನವನೊಬ್ಬ ಅವರನ್ನು ಆಸ್ಪತ್ರೆಗೆ ಸೇರಿಸಿದ, ಹೆಂಗಸಿನ ತೊಡೆಮೂಳೆ ಮುರಿದಿತ್ತು, ಅಲ್ಲಿಯವರೆಗೆ ಅರ್ಧ ಗಂಟೆ ರಸ್ತೆಯಲ್ಲೇ ಇದ್ದಳು ಎಂಬುದೆಲ್ಲ ಗೊತ್ತಾದದ್ದು ಗುರುವಾರ. ಅಂದು ರೋಲ್ ಕಾಲ್‌ನಲ್ಲಿ ಇನ್‌ಸ್ಪೆಕ್ಟರ್ ದೂರಿನ ಕಾಗದವನ್ನು ಗಟ್ಟಿಯಾಗಿ ಓದಿದರು. ಹೆಂಗಸಿನ ಗಂಡ ಬೀಗ ರಿಪೇರಿ ಮಾಡುವವನು. ಕಾರಿನ ನಂಬರು ನೋಡಲಾಗಲಿಲ್ಲ, ಪೊಲೀಸ್ ಕಾರು ಅನ್ನುವುದು ಮಾತ್ರ ಖಂಡಿತ, ನಮ್ಮನ್ನು ನೋಡಿಯೂ ನಿಲ್ಲಿಸದೆ ಹೋಯಿತು ಎಂದು ಬರೆದಿದ್ದ. ಇಲಾಖೆಗೆ ಕಾರು ಕೊಡುವಷ್ಟು ಧಾರಾಳತನ ಇತ್ತು, ಆ ಕಾರು ಎಲ್ಲೆಲ್ಲಿ ತಿರುಗಿತು ಎಂದು ತೋರಿಸುವ ಯಂತ್ರ ಹಾಕಿಸುವಷ್ಟು ಇರಲಿಲ್ಲ. ಹಾಗಾಗಿ ಆರೂ ಜನರನ್ನು ಸಾಲಾಗಿ ನಿಲ್ಲಿಸಿ ಕೇಳಿದರು. ಆರೂ ಜನ ನಾವಲ್ಲ ಎಂದರು. ಅಕ್ಕನೂ ಹಾಗೇ ಅಂದಳು. ಇದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯಬೇಕು. ಅಂದಳು.

ಎಲ್ಲರ ಕಣ್ಣೂ ಸೈರನ್ ಮೇಲೆ ಹೋಯಿತು. ಅದು ಆರು ಜನರಲ್ಲಿ ಚಿಕ್ಕವನಾದ ಕಾನ್‌ಸ್ಟೆಬಲ್‌ಗೆ ಠಾಣೆಯವರು ಇಟ್ಟ ಹೆಸರು. ಟ್ರಾಫಿಕ್ಕಿನಲ್ಲಿ ದಾರಿ ಬಿಡಿಸಿಕೊಂಡು ಜಿಮ್ಮಿಗೆ ಹೋಗಲು ಸೈರನ್ ಹಾಕಿ ಎರಡು ಸಲ ಸಿಕ್ಕಿಬಿದ್ದಿದ್ದ. ಮೂರನೆಯ ಸಲ ಕಾರಷ್ಟೇ ಅಲ್ಲ, ಕೆಲಸವೂ ಹೋಗುತ್ತದೆ ಎಂದು ಬರೆಸಿಕೊಂಡಿದ್ದರು. ಆ ಸೋಮವಾರ ಆ ಹೊತ್ತಿನಲ್ಲಿ ಮನೆಯಲ್ಲಿ ಮಲಗಿದ್ದೆ ಎಂದು ಅವನು ತಲೆ ಚಚ್ಚಿಕೊಂಡ. ಮಲಗಿದ್ದವನಿಗೆ ಸಾಕ್ಷಿ ಎಲ್ಲಿಂದ ಬರಬೇಕು? ನಾಳೆ ಮಧ್ಯಾಹ್ನ ಎಲ್ಲರೂ ಬರವಣಿಗೆಯಲ್ಲಿ ಹೇಳಿಕೆ ಕೊಡಬೇಕು ಎಂದು ಹೇಳಿ ಇನ್‌ಸ್ಪೆಕ್ಟರ್ ಎದ್ದುಹೋದರು.

ಅಂದು ಸಂಜೆ ಅಕ್ಕ ಮನೆಗೆ ಬಂದವಳು ಬೂಟು ಬಿಚ್ಚದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ನಡೆದದ್ದೆಲ್ಲವನ್ನೂ ನಮ್ಮಿಬ್ಬರ ಮುಂದೆ ಹೇಳಿದಳು. ನಾಳೆ ನಾನೇ ಅಂತ ಬರೆದುಕೊಡುತ್ತೇನೆ ಎಂದಳು. ಕಾರು ಹೋಗುತ್ತದೆ, ಕಡಿಮೆಯೆಂದರೂ ಒಂದು ವರ್ಷ.

ನನಗೆ ಮೈಯೆಲ್ಲ ಉರಿದುಹೋಯಿತು. ಸೈರನ್‌ನಂಥ ಪೋಕರಿಗಾಗಿ ಅಪ್ಪನನ್ನು ಸಾಯಿಸುತ್ತೀಯಾ ಎಂದು ಕೇಳಿಬಿಟ್ಟೆ. ಅವನು ಇದನ್ನು ಮಾಡಿಲ್ಲದಿರಬಹುದು, ಇಂಥ ಹತ್ತು ಮಾಡಿದ್ದಾನೆ, ಅದಕ್ಕೆ ಈಗ ಅನುಭವಿಸಲಿ ಎಂದೆ. ಅಪ್ಪ ಬಸ್ ಹತ್ತುವುದಿಲ್ಲ ಎಂದು ನಿನಗೆ ಗೊತ್ತು, ವಾರಕ್ಕೆ ಮೂರು ಸಲ ಟ್ಯಾಕ್ಸಿಗೆ ನಮ್ಮಿಬ್ಬರ ಸಂಬಳವೂ ಸಾಲದು ಎಂದೂ ಗೊತ್ತು, ಗೊತ್ತಿದ್ದೂ ಹೀಗೆ ಮಾಡಿದರೆ ಅದನ್ನು ಏನೆಂದು ಕರೆಯಬೇಕು ಎಂದು ಕೂಗಾಡಿದೆ. ಮಾತಿನ ನಡುವೆ ಅಪ್ಪನ ಕಡೆ ನೋಡಿದೆ. ಅಪ್ಪ ಕುರ್ಚಿಯಲ್ಲಿ ಕೂತು ಔಷಧಿ ಚೀಟಿಯನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಇದ್ದ. ಎದ್ದು ಕೋಣೆಗೆ ಹೋಗಿ ದೀಪ ಆರಿಸಿದ.

ಅಕ್ಕ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಸಲೀಸಾಗುತ್ತಿತ್ತು.

"ನೀನು ಹೇಳಿದ್ದೆಲ್ಲಾ ಸರಿ ಕಣೋ," ಎಂದಳು. "ಆದ್ರೆ ಇವತ್ತು ಆ ಹುಡುಗ ನನ್ನ ಪಕ್ಕದಲ್ಲೇ ನಿಂತಿದ್ದ. ಮಲಗಿದ್ದೆ ಅಂತ ತಲೆ ಚಚ್ಕೋತಿದ್ದ. ನಾನು ಅದನ್ನ ನೋಡ್ಕೊಂಡು ಸುಮ್ನೆ ನಿಂತಿದ್ದೆ."

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಅಪ್ಪನನ್ನು ಕರೆದುಕೊಂಡು ಹೋದಳು. ವೈರ್‌ಲೆಸ್ ಗೊರಗೊರ ಎನ್ನುತ್ತಿತ್ತು. ತೊಡೆ ಮುರಿದ ಹೆಂಗಸು ಅದೇ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿದ್ದಾಳೆ ಎಂದು ಅಕ್ಕನಿಗೆ ದೂರಿನಿಂದ ಗೊತ್ತಾಗಿತ್ತು. ಅಪ್ಪನನ್ನು ಯಂತ್ರಕ್ಕೆ ಹಾಕಿಸಿ ಮೆಟ್ಟಿಲು ಹತ್ತಿದಳು. ಹೋಗಬಾರದಿತ್ತು, ವಿಚಾರಣೆ ನಡೆಯುವಾಗ ದೂರು ಕೊಟ್ಟವರ ಹತ್ತಿರ ಹೋಗುವುದು ಇನ್ನೊಂದು ತಪ್ಪು. ನಿಯಮ ಎಂದರೆ ಪ್ರಾಣ ಬಿಡುವ ನಮ್ಮಕ್ಕ ಆ ವಾರ ಮುರಿದ ನಿಯಮಗಳಲ್ಲಿ ಅದು ನಾಲ್ಕನೆಯದು. ಸಮವಸ್ತ್ರ ಇರಲಿಲ್ಲ, ಬೂಟು ಮಾತ್ರ ಇತ್ತು. ಬೀಗದವನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಹೆಂಡತಿಗೆ ಬ್ರೆಡ್ಡು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದ. ಅಕ್ಕ ಪೀಠಿಕೆಯಿಲ್ಲದೆ, ಆ ಕಾರು ಓಡಿಸುತ್ತಿದ್ದವಳು ನಾನು ಎಂದಳು. ಕಾರಣವನ್ನು ಹೇಳಲಿಲ್ಲ. ಹೇಳಿದರೆ ಕ್ಷಮಿಸಿ ಎಂದು ಅವರನ್ನು ಕಟ್ಟಿಹಾಕಿದ ಹಾಗೆ ಎಂದು ಅವಳ ಯೋಚನೆ.

ಬೀಗದವನು ಎದ್ದು ನಿಂತ. ಮುಖ ಕೆಂಪಾಗಿತ್ತು. ಮಾತಾಡಿದವಳು ಅವನ ಹೆಂಡತಿ. ಇಸ್ತ್ರಿ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವಳು ಅವಳು, ಇನ್ನು ಆರು ತಿಂಗಳು ನಿಲ್ಲುವಂತಿರಲಿಲ್ಲ. ಅಕ್ಕನನ್ನು ನೋಡಿ, ಬೈಗುಳವಿಲ್ಲದೆ ಹೇಳಿದಳು:

"ಅಷ್ಟೊತ್ತೂ ಅಳ್ತಾ ಇದ್ದೆ. ನಿಮ್ಮ ಕಾರು ಬರೋದು ಕಾಣಿಸ್ತು ನೋಡಿ, ಅಳೋದು ನಿಲ್ಲಿಸ್ದೆ."

ಅಕ್ಕ ನಮಗೆ ಹೇಳಿದ್ದು ಇಷ್ಟೇ.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಕೋಣೆಯಲ್ಲಿ ನಡೆದದ್ದನ್ನು ನನಗೆ ಹೇಳಿದವನು ಸೈರನ್. ತನ್ನ ಸರದಿಗೆ ಕಾಯುತ್ತ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದನಂತೆ. ಮಾರನೆಯ ದಿನ ಕಪ್ಪು ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳುವ ನೆಪದಲ್ಲಿ ನನ್ನ ಅಂಗಡಿಗೆ ಬಂದ. ಸ್ಕ್ರೂ ಬಿಗಿಯಾಗಿಯೇ ಇತ್ತು. ಸ್ಟೂಲು ಎಳೆದುಕೊಂಡು ಕೂತು, ಮೂಗು ಒರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿದ.

ಇನ್‌ಸ್ಪೆಕ್ಟರ್ ಕೆಟ್ಟವರಲ್ಲ. ಅವರ ಮನೆಯಲ್ಲೂ ಹಾಸಿಗೆ ಹಿಡಿದ ಅಪ್ಪ ಇದ್ದರು. ಅಕ್ಕನ ಹೇಳಿಕೆಯನ್ನು ಓದಿ, ಬಾಗಿಲು ಅರ್ಧ ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ದಾರಿ ತೋರಿಸಿದರು. ಕಾರು ನಿನ್ನದೇ ಎಂದು ಬರಿ, ತೊಂದರೆಯಿಲ್ಲ. ಆದರೆ ಅವರನ್ನು ನೋಡಲಿಲ್ಲ ಎಂದು ಬರಿ. ರೋಗಿ ಪಕ್ಕದಲ್ಲಿ ವಾಂತಿ ಮಾಡುತ್ತಿದ್ದಾಗ ರಸ್ತೆಯ ಎಡಗಡೆ ಕಣ್ಣಿಗೆ ಬೀಳದಿರುವುದು ಸಹಜ. ಒಂದು ಎಚ್ಚರಿಕೆಯಲ್ಲಿ ಮುಗಿಯುತ್ತದೆ, ಕಾರು ನಿನ್ನ ಹತ್ತಿರವೇ ಇರುತ್ತದೆ, ಸೈರನ್ ಕೂಡ ಬಚಾವಾಗುತ್ತಾನೆ. ಯಾರಿಗೂ ನಷ್ಟವಿಲ್ಲ.

"ನೋಡಮ್ಮ, ನಾನು ಸುಳ್ಳು ಹೇಳು ಅಂತಿಲ್ಲ," ಎಂದರಂತೆ. "ಒಂದು ಸಾಲು ಬಿಟ್ಬಿಡು ಅಂತಿದೀನಿ. ನಿಮ್ಮಪ್ಪನ ಮುಖ ನೋಡಿ ಹೇಳ್ತಿದೀನಿ."

ಒಳಗೆ ಕಾಗದ ಸರಿದ ಸದ್ದಾಯಿತಂತೆ. ಅವಳು ಒಪ್ಪಿದಳು ಎಂದೇ ಸೈರನ್ ಅಂದುಕೊಂಡನಂತೆ. ಒಪ್ಪಲಿ ಎಂದು ಅವನಿಗೂ ಆಸೆಯಿತ್ತಂತೆ.

"ನೋಡ್ದೆ ಸರ್," ಎಂದಳಂತೆ ಅಕ್ಕ. "ಅವರು ಹಳದಿ ಶರ್ಟ್ ಹಾಕಿದ್ರು. ಎರಡು ಕೈಯೂ ಎತ್ತಿದ್ರು. ನನ್ನ ಕಣ್ಣು, ಅವರ ಕಣ್ಣು ಸೇರಿತ್ತು. ಅದನ್ನೂ ಬರ್ಕೊಳಿ."

ಶನಿವಾರ ಬೆಳಿಗ್ಗೆ ಅಕ್ಕ ಕಾರು ತೊಳೆದಳು. ಅಪ್ಪ ವಾಂತಿ ಮಾಡಿದ್ದ ಸೀಟನ್ನು ಇನ್ನೊಮ್ಮೆ ಸೋಪು ಹಾಕಿ ಉಜ್ಜಿದಳು, ಗಾಜು ಒರೆಸಿದಳು, ತಾನೇ ಓಡಿಸಿಕೊಂಡು ಹೋಗಿ ಠಾಣೆಯ ಅಂಗಳದಲ್ಲಿ ನಿಲ್ಲಿಸಿ ಕೀಲಿ ಕೊಟ್ಟು ಬಂದಳು. ಒಂದು ವರ್ಷ ಕಾರಿಲ್ಲ, ಎರಡು ವರ್ಷ ಬಡ್ತಿಯ ಮಾತಿಲ್ಲ. ವಾಪಸ್ ಬಸ್ಸಿನಲ್ಲಿ ಬಂದು, ಬಸ್ ನಿಲ್ದಾಣದಿಂದ ನಮ್ಮ ಬೀದಿಯನ್ನು ಉದ್ದಕ್ಕೂ ನಡೆದಳು. ಟೈಲರ್ ಮಷೀನು ನಿಲ್ಲಿಸಿ ನೋಡಿದ. ಮೇಷ್ಟ್ರು ಗೇಟಿಗೆ ಬಂದು ನಿಂತರು. ಅವಳ ಬೆನ್ನು ಎಷ್ಟು ನೆಟ್ಟಗಿತ್ತೆಂದರೆ, ಜಗಳಕ್ಕೆ ಸಿದ್ಧನಾಗಿ ಬಾಗಿಲಿಗೆ ಬಂದಿದ್ದ ನಾನು ಸುಮ್ಮನೆ ಒಳಗೆ ಹೋದೆ.

ಆದರೆ ನನ್ನ ಸಿಟ್ಟು ಇಳಿದಿರಲಿಲ್ಲ. ರಾತ್ರಿ ಅಂಗಡಿಯಿಂದ ಬಂದವನು, ಅಕ್ಕ ಸ್ನಾನಕ್ಕೆ ಹೋದಾಗ ಅಪ್ಪನ ಮುಂದೆ ಕಕ್ಕಿಬಿಟ್ಟೆ. ನೋಡಲಿಲ್ಲ ಎಂದು ಒಂದು ಮಾತು ಬರೆದಿದ್ದರೆ ಸಾಕಿತ್ತಪ್ಪ, ಇನ್‌ಸ್ಪೆಕ್ಟರ್ ತಾವಾಗಿಯೇ ಹೇಳಿದರೂ ಇವಳು ಕೇಳಲಿಲ್ಲ ಎಂದೆ. ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. ಹೌದಾ ಎಂದ, ಅಷ್ಟೇ. ಭಾನುವಾರ ಇಡೀ ದಿನ ಕೋಣೆ ಬಿಟ್ಟು ಬರಲಿಲ್ಲ. ಊಟ ಅರ್ಧಕ್ಕೆ ಬಿಟ್ಟ. ಸಂಜೆಯ ಹೊತ್ತಿಗೆ ಕಾಲು ಊದಿತ್ತು. ಬಾಗಿಲ ಹೊರಗೆ ಕಾರಿಲ್ಲದ ಜಾಗವನ್ನು ಕಿಟಕಿಯಿಂದ ನೋಡುತ್ತ ಕೂತಿದ್ದ. ಅಕ್ಕ ನಾಳೆ ಐದಕ್ಕೆ ಎದ್ದರೆ ಐದೂ ಮುಕ್ಕಾಲಿನ ಬಸ್ ಸಿಗುತ್ತದೆ ಎಂದು ಮೂರು ಸಲ ಹೇಳಿದಳು, ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮೊದಲ ಸಲ ಹತ್ತು ದಿನ ಕೂತಿದ್ದಾಗಲೂ ಹೀಗೇ ಇದ್ದ. ನನಗೆ ಹೆದರಿಕೆಯಾಯಿತು. ಬೈದಾಡುವವನ ಹೆದರಿಕೆ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ.

ಸೋಮವಾರ ಎಂದೂ ಇಲ್ಲದಂತೆ ಐದಕ್ಕೇ ನನಗೆ ಎಚ್ಚರವಾಯಿತು. ಹೊರಗೆ ಬಂದರೆ ಅಪ್ಪ ಶರ್ಟು ಹಾಕಿ, ತಲೆ ಬಾಚಿ, ಕುರ್ಚಿಯ ಮೇಲೆ ಕೂತಿದ್ದ. ಅಕ್ಕ ಅವನ ಮುಂದೆ ನೆಲದಲ್ಲಿ ಕೂತು ಊದಿದ ಕಾಲನ್ನು ಶೂಗಳೊಳಗೆ ತೂರಿಸುತ್ತಿದ್ದಳು. ನಾನೂ ಬರುತ್ತೇನೆ ಎಂದೆ. ಇಬ್ಬರೂ ನನ್ನನ್ನು ಆಶ್ಚರ್ಯದಿಂದ ನೋಡಿದರು, ನೋಡಬೇಕಾದದ್ದೇ.

ಮೊದಲ ಬಸ್ಸಿನಲ್ಲಿ ಅಕ್ಕ ಅವನ ಬಲಗಡೆ, ನಾನು ಎಡಗಡೆ. ಬಸ್ ಬದಲಿಸುವಲ್ಲಿ ಅಪ್ಪ ಎರಡು ಸಲ ಕಂಬ ಹಿಡಿದು ನಿಂತು ಉಸಿರು ಎಳೆದುಕೊಂಡ. ಎರಡನೆಯ ಬಸ್ಸಿನಲ್ಲಿ ಸೀಟಿರಲಿಲ್ಲ. ಅಕ್ಕ ಯಾರನ್ನೋ ಕೇಳಲು ಬಾಯಿ ತೆರೆಯುವ ಮುಂಚೆಯೇ ಅಪ್ಪ ತಾನೇ ಒಬ್ಬ ಹುಡುಗಿಯ ಕಡೆ ಬಾಗಿ, ನನಗೆ ಹುಷಾರಿಲ್ಲಮ್ಮ, ಸ್ವಲ್ಪ ಕೂತ್ಕೋಬೇಕು ಎಂದ. ಬಸ್ಸಿನಲ್ಲಿ ಎಲ್ಲರಿಗೂ ಸೀಟು ಮಾಡಿಕೊಟ್ಟೇ ಮೂವತ್ತೊಂದು ವರ್ಷ ಕಳೆದವನು ತನಗಾಗಿ ಒಂದನ್ನು ಕೇಳಿದ್ದು ಅದೇ ಮೊದಲಿರಬೇಕು. ಏಳಕ್ಕೆ ಆರು ನಿಮಿಷ ಇರುವಾಗ ಆಸ್ಪತ್ರೆಯ ಬಾಗಿಲು ದಾಟಿದೆವು.

ನರ್ಸ್ ಸೂಜಿ ಚುಚ್ಚಿ ಟೇಪು ಅಂಟಿಸಿ ಹೋದಳು. ಯಂತ್ರ ತಿರುಗತೊಡಗಿತು. ಅಕ್ಕ ಹೊದಿಕೆ ಸರಿಮಾಡುತ್ತ, ಅವನ ಮುಖ ನೋಡದೆ, ಕಾರು ಕಳೆದುಬಿಟ್ಟೆ, ತಪ್ಪಾಯ್ತಪ್ಪ ಎಂದಳು. ಅಪ್ಪ ಸೂಜಿಯಿಲ್ಲದ ಕೈಯಿಂದ ಅವಳ ಮುಂಗೈ ಹಿಡಿದುಕೊಂಡ.

"ಆ ಹೆಣ್ಣುಮಗಳನ್ನ ರಸ್ತೇಲಿ ಬಿಟ್ಟು ಬಂದ್ವಲ್ಲ, ಅವತ್ತೇ ನಂಗೆ ಇದೆಲ್ಲ ಸಾಕು ಅನ್ನಿಸಿತ್ತು," ಎಂದ. "ನೋಡ್ಲಿಲ್ಲ ಅಂತ ಬರ್ದು ಕಾರು ಉಳಿಸ್ಕೊಂಡಿದ್ರೆ, ನಾನು ಅದ್ರಲ್ಲಿ ಕೂರ್ತಿರ್ಲಿಲ್ಲ ಮಗಳೇ. ಬಸ್ಸೂ ಹತ್ತುತಿರ್ಲಿಲ್ಲ. ಇಲ್ಲಿಗೆ ಬರೋದನ್ನೇ ಬಿಡ್ತಿದ್ದೆ."

ಐದು ತಿಂಗಳು ಕಚೇರಿ ಕಚೇರಿ ಅಲೆದಾಗಲೂ ಅಳದ ಅಕ್ಕ ಅಲ್ಲಿ, ಅಷ್ಟು ಜನ ರೋಗಿಗಳ ನಡುವೆ, ಹೊದಿಕೆಯ ಅಂಚು ಹಿಡಿದುಕೊಂಡು ಅತ್ತಳು. ಅವಳನ್ನು ಬೈದು ಕಳೆದ ನಾಲ್ಕು ದಿನಗಳ ಬಗ್ಗೆ ನನಗೆ ನಾಚಿಕೆಯಾಯಿತು. ಅಪ್ಪ ಕಣ್ಣು ಮುಚ್ಚಿದ. ಮುಚ್ಚಿಕೊಂಡೇ ಕೇಳಿದ:

"ಬುಧವಾರ ಯಾರು ಬರ್ತೀರಿ ನನ್ನ ಜೊತೆ?"

ನಾನು ಎಂದೆ.